ಬಿಚ್ಚಿ ನೋಡಿದವರು

ಮಡಚಿದವರು ಒಬ್ಬರು, ಬಿಚ್ಚಿ ನೋಡಿದವರು ಇನ್ನೊಬ್ಬರು, ಇಬ್ಬರ ಸಹಿಯೂ ಬೇಕು. ಆಟದ ರಾಕೆಟ್ಟಿನ ಜೊತೆ ಶಾಲೆಯವರು ಕೊಟ್ಟ ಕಾರ್ಡನ್ನು ಮಗಳು ಓದಿ ಹೇಳಿದಾಗ ಅಪ್ಪ ಇನ್ನೊಮ್ಮೆ ಓದಿಸಿದ. ಅವನು ಹದಿನೆಂಟು ವರ್ಷ ಪ್ಯಾರಾಚೂಟ್ ಮಡಚುವ ಶೆಡ್ಡಿನಲ್ಲಿ ದುಡಿದವನು. ಅಲ್ಲಿನ ಕಾರ್ಡಿನಲ್ಲೂ ಇವೇ ಎರಡು ಗೆರೆ ಇದ್ದವು.

ಮಗಳು ಕೆಲಸವನ್ನೇನೋ ಅಚ್ಚುಕಟ್ಟಾಗಿ ಮಾಡಿದ್ದಳು. ರಬ್ಬರ್ ಹುರಿಯ ಒಂದು ತುದಿಯನ್ನು ಕಾಗದದಲ್ಲಿ ಮಡಚಿ ಕೊಳವೆಯ ಒಳಗೋಡೆಗೆ ಅಂಟಿಸಿದ್ದಳು, ಇನ್ನೊಂದು ತುದಿಯನ್ನು ರಾಕೆಟ್ಟಿನ ಮೂತಿಯ ಒಳಗಿದ್ದ ಬಳೆಗೆ ಕಟ್ಟಿದ್ದಳು. ರಾಕೆಟ್ಟನ್ನು ಮೆಲ್ಲಗೆ ಇಳಿಸುವ ಪ್ಲಾಸ್ಟಿಕ್ ಛತ್ರಿಗೆ ಅಂಟದಂತೆ ಪೌಡರ್ ಸವರಿ, ಮಡಚಿ, ಬೆಂಕಿ ಹತ್ತದ ಕಾಗದದ ಮೇಲೆ ಕೂರಿಸಿ ಮುಚ್ಚಿದ್ದಳು.

"ಸಹಿ ಹಾಕಪ್ಪ. ಎಲ್ಲಾ ಸರಿಯಾಗಿದೆ," ಅಂದಳು. ಮೇಜಿನ ಆ ಬದಿಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ನಕ್ಕಳು.

ಮೂರು ವರ್ಷದ ಹಿಂದೆ ಹೆಂಡತಿಯ ತಮ್ಮನೂ ಹೀಗೇ ಕಾರ್ಡು ಚಾಚಿದ್ದ. ಅದೇ ಶೆಡ್ಡಿನ ಕೆಲಸಗಾರ, ಜೊತೆಗೆ ವಿಮಾನದಿಂದ ಜಿಗಿಯುವ ಹುಚ್ಚು. ಅಂದಿನ ಜಿಗಿತಕ್ಕೆ ತನ್ನ ಪ್ಯಾರಾಚೂಟನ್ನು ತಾನೇ ಮಡಚಿಕೊಂಡಿದ್ದ. "ಬಿಚ್ಚೋಕೆ ಹೋಗಬೇಡ ಭಾವ, ನಮ್ಮೋರೇ ನಂಬಲ್ಲ ಅಂತ ಎಲ್ಲರೂ ಆಡ್ಕೋತಾರೆ." ಹೊರಗಿನವನಾಗಿದ್ದರೆ ಇವನು ಮುಖಮೂತಿ ನೋಡದೆ ಬಿಚ್ಚಿ ಗುಡ್ಡೆ ಹಾಕಿಸುತ್ತಿದ್ದ. ಹೆಂಡತಿಯ ತಮ್ಮನಲ್ಲವೇ, ಮುಲಾಜಿಗೆ ಬಿದ್ದು ಸಹಿ ಹಾಕಿದ. ಎಂಥ ಹಾಳು ಮುಲಾಜು ಅದು. ಪ್ಯಾರಾಚೂಟ್ ಅರಳಲಿಲ್ಲ, ತುರ್ತಿಗೆಂದು ಇದ್ದ ಎರಡನೆಯದೂ ಅದಕ್ಕೇ ಸುತ್ತಿಕೊಂಡಿತು, ಹುಡುಗ ಉಳಿಯಲಿಲ್ಲ. ಬಟ್ಟೆ ಹಳೆಯದಾಗಿತ್ತು ಎಂದು ತನಿಖೆಯವರು ಬರೆದರು. ಆ ಗಂಟನ್ನು ಬಿಡಿಸಿದ ಇವನಿಗೆ ಮಾತ್ರ ಗೊತ್ತಿತ್ತು, ಬಟ್ಟೆ ಗಟ್ಟಿಯಾಗೇ ಇತ್ತು, ಹಗ್ಗಗಳು ಮಡಚುವಾಗಲೇ ಅಡ್ಡಾದಿಡ್ಡಿಯಾಗಿದ್ದವು. ತುಟಿ ಬಿಚ್ಚಲಿಲ್ಲ.

ಅವನು ರಾಕೆಟ್ಟಿನ ಮೂತಿ ಎಳೆದ. ಛತ್ರಿ ಹೊರಬಂತು, ಅದರ ಆರು ದಾರಗಳೂ ಬಂದವು. ತುದಿಗಳು ಬರಿದೇ ನೇತಾಡಿದವು. ದಾರಗಳನ್ನು ಬಳೆಗೆ ಕಟ್ಟುವುದನ್ನೇ ಮಗಳು ಮರೆತಿದ್ದಳು.

"ಅಯ್ಯೋ," ಅಂದಳು ಅವಳು, "ಹೊರಗಿಂದ ಗೊತ್ತೇ ಆಗ್ತಿರಲಿಲ್ಲ."

ಅವನು ದಾರಗಳನ್ನು ಕಟ್ಟಿಸಿದ, ಒಂದೊಂದು ಗಂಟನ್ನೂ ಎಳೆದು ನೋಡಿದ, ಮತ್ತೆ ಮಡಚಿಸಿ ಮುಚ್ಚಿದ.

"ನಿಮ್ಮಪ್ಪ ನೋಡಿದ ಮೇಲೆ ತಪ್ಪು ಉಳಿಯೋ ಮಾತೇ ಇಲ್ಲ," ಅಂದಳು ಹೆಂಡತಿ. "ನಿನ್ನ ಸೋದರಮಾವನ ಪ್ಯಾರಾಚೂಟನ್ನೂ ಇವರೇ ನೋಡಿದ್ರು. ಅದಕ್ಕೇ ನಾನು ಯಾರನ್ನೂ ದೂರಲಿಲ್ಲ. ಬಟ್ಟೆ ಹಳೇದು, ಅವನ ಹಣೇಬರಹ ಅಂದ್ಕೊಂಡೆ."

ಅವನು ಪೆನ್ನು ತೆಗೆದುಕೊಂಡ. ಈಗಲೂ ಸುಮ್ಮನಿದ್ದರೆ ಈ ಮನೆ ಹೀಗೇ ಇರುತ್ತದೆ, ಅವಳು ಹೀಗೇ ನಗುತ್ತಿರುತ್ತಾಳೆ. ಆದರೆ ಇನ್ನೊಮ್ಮೆ ಆ ಹೊಗಳಿಕೆಯನ್ನು ನುಂಗಲು ಅವನಿಂದಾಗಲಿಲ್ಲ.

"ನಾನು ನೋಡಿರಲಿಲ್ಲ," ಅಂದ.

"ಏನು ನೋಡಿರಲಿಲ್ಲ?"

"ಅವನದನ್ನ ಬಿಚ್ಚಿ ನೋಡಿರಲಿಲ್ಲ. ಬೇಡ ಅಂದ. ಸುಮ್ಮನೆ ಸಹಿ ಹಾಕಿದೆ. ಬಟ್ಟೆ ಚೆನ್ನಾಗೇ ಇತ್ತು."

ಅವಳ ಕೈಯಲ್ಲಿ ಅರ್ಧ ಮಡಚಿದ ಅಂಗಿ ಹಾಗೇ ಉಳಿಯಿತು. ಮಗಳು ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿದಳು.

"ಬಿಚ್ಚಿ ನೋಡೋಕೆ ಎಷ್ಟು ಹೊತ್ತು ಹಿಡೀತಿತ್ತು?" ಹೆಂಡತಿ ಕೇಳಿದಳು.

"ಹತ್ತು ನಿಮಿಷ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಂಗಿಯನ್ನು ಕೆಳಗಿಟ್ಟು ರಾಕೆಟ್ಟನ್ನು ತನ್ನತ್ತ ಎಳೆದುಕೊಂಡಳು, ಮೂತಿ ಕಿತ್ತು ಛತ್ರಿಯನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿದಳು.

"ಅಮ್ಮ, ಅಪ್ಪ ಈಗ ತಾನೇ ನೋಡಿದ್ರಲ್ಲ," ಅಂದಳು ಮಗಳು.

ಹೆಂಡತಿ ತಲೆ ಎತ್ತಲಿಲ್ಲ. ಒಂದೊಂದೇ ದಾರ ಹಿಡಿದು, ಗಂಟನ್ನು ಎಳೆದೆಳೆದು ನೋಡುತ್ತಾ ಹೋದಳು.