ಹಿರಿಯರ ಸಹಿ

ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಮೀನಲ ತನ್ನ ಅತ್ತೆಯ ಕಾಲಿನ ಗಾಯದ ಪಟ್ಟಿ ಬಿಚ್ಚುತ್ತಿದ್ದಳು. ಮೊಬೈಲಿನೊಳಗಿಂದ ಪುಣೆಯ ಮೇಷ್ಟ್ರು ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದರು. ಆದಿತ್ಯವಾರ ಮಧ್ಯಾಹ್ನ ಮಹಾರಾಷ್ಟ್ರದ ಗಡಿಯ ಉಮರ್ಗಾ ಊರಿಗೆ ಊರೇ ಉಂಡು ಅಡ್ಡಾಗುವ ಹೊತ್ತಿನಲ್ಲಿ ಈ ಮನುಷ್ಯನಿಗೆ ಇಷ್ಟು ಹುರುಪು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಪ್ರತಿ ವಾರವೂ ಸೋಜಿಗ. ಅವಳಿಗಂತೂ ರೆಪ್ಪೆಗಳು ಜಗ್ಗುತ್ತಿದ್ದವು.

ಆರೋಗ್ಯ ಕಾನೂನಿನ ಈ ಆನ್‌ಲೈನ್ ಕೋರ್ಸು ಅವಳು ಬಯಸಿ ಸೇರಿದ್ದಲ್ಲ. ಅವಳು ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್. ಆಸ್ಪತ್ರೆಗೆ ದೊಡ್ಡ ಮಾನ್ಯತೆ ಬೇಕು, ಅದಕ್ಕೆ ಕಾಯದೆ ಓದಿದವರೊಬ್ಬರು ಇರಬೇಕು ಎಂದು ಮಾಲೀಕ ಡಾಕ್ಟರಿಗೆ ಒಂದು ದಿನ ಅನಿಸಿತು. ಡಾಕ್ಟರುಗಳಿಗೆ ಪುರುಸೊತ್ತಿಲ್ಲ. ಹಾಗಾಗಿ ಮೀನಲಳ ಕೊರಳಿಗೆ ಬಿತ್ತು. ತರಗತಿಯಲ್ಲಿ ಔಷಧ ಅಂಗಡಿಯವರಿದ್ದರು, ವಿಮೆಯವರಿದ್ದರು, ಹಲ್ಲಿನ ಡಾಕ್ಟರರಿದ್ದರು. ವಕೀಲರು ಮಾತ್ರ ಒಬ್ಬರೂ ಇರಲಿಲ್ಲ. ಆದರೂ ಮನೆಯಲ್ಲಿ ಅವಳ ಹೆಸರು ಆಗಲೇ ವಕೀಲಬಾಯಿ ಆಗಿಹೋಗಿತ್ತು.

ಆ ದಿನದ ಪಾಠ ಸಮ್ಮತಿಯದು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಮೈಮೇಲೆ ಆಪರೇಶನ್ ಮಾಡಬೇಕಾದರೆ ಅವರಿಗೇ ತಿಳಿಸಿ ಹೇಳಿ ಅವರನ್ನೇ ಕೇಳಬೇಕು. ಗಂಡನಾಗಲಿ ಮಗನಾಗಲಿ ಅವರ ಬದಲಿಗೆ ಹೂಂ ಅನ್ನುವಂತಿಲ್ಲ ಎಂದು ಮೇಷ್ಟ್ರು ಹೇಳಿದರು. ಹತ್ತಿಯ ಉಂಡೆ ಹಿಡಿದ ಮೀನಲಳ ಕೈ ನಿಂತಿತು. ವಾರ್ಡಿನಲ್ಲಿ ಅವಳು ಇಷ್ಟು ವರ್ಷ ಕೂಗುತ್ತ ಬಂದದ್ದು ಒಂದೇ ಮಾತು: ಮನೆಯ ಹಿರಿಯರು ಯಾರಿದ್ದಾರೆ, ಕರೆಯಿರಿ. ಹಿರಿಯರು ಟೋಪಿ ಸರಿಮಾಡಿಕೊಳ್ಳುತ್ತ ಬರುವರು, ತೋರಿಸಿದಲ್ಲಿ ಸಹಿ ಹಾಕುವರು. ಮಂಚದ ಮೇಲಿದ್ದವರಿಗೆ ಸಣ್ಣ ಆಪರೇಶನ್ ಎಂದು ಹೇಳುವರು. ಈ ಸೀಮೆಯಲ್ಲಿ ಕನ್ನಡದ ಮನೆಯಿರಲಿ ಮರಾಠಿಯ ಮನೆಯಿರಲಿ, ಇದಕ್ಕೆ ಕರುಣೆ ಎಂದೇ ಹೆಸರು.

ಈಗ ಆ ಕರುಣೆ ಅವಳ ಮನೆಗೇ ಬಂದಿತ್ತು. ಸಕ್ಕರೆ ಕಾಯಿಲೆಯಿಂದ ಅತ್ತೆ ಸರಸ್ವತಿಬಾಯಿಯ ಎಡ ಹಿಮ್ಮಡಿ ಕಪ್ಪಾಗಿ ಹೋಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆಯದೆ ಗತ್ಯಂತರವಿಲ್ಲ, ಸೋಮವಾರ ಮುಂಜಾನೆಯೇ ಆಗಬೇಕು ಎಂದು ಅವಳ ಆಸ್ಪತ್ರೆಯ ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆಗೆ ಹೇಳಿದ್ದು ಮಾತ್ರ, ಗಾಯ ತೊಳೆದು ಕಳಿಸುತ್ತಾರೆ ಎಂದು.

"ಏನ್ ಅಂತಾನ ಅಂವಾ? ಭಾಳ ಒದರ್ಲತ್ಯಾನ," ಸರಸ್ವತಿಬಾಯಿ ಮೊಬೈಲಿನ ಕಡೆ ಗದ್ದ ತೋರಿಸಿ ಕೇಳಿದಳು.

"ದವಾಖಾನಿ ಮಾತ್ರೀ ಅತ್ತಿ."

"ದವಾಖಾನಿ ಮಾತ ನನಗ ಹೇಳಬಾರ್ದೇನು? ನಾಳಿ ನಾನೇ ಹೊಂಟೀನಿ ಅಲ್ಲಿಗಿ."

ಮೀನಲ ಹೊಸ ಪಟ್ಟಿ ಸುತ್ತಿದಳು. ಅವಳಿಗೆ ನಾಚಿಕೆಯಾಯಿತು. ಸಂಜೆ ಅವಳು ಮನೆಯವರ ಬಟ್ಟೆಯ ಅಂಗಡಿಗೆ ಹೋದಳು. ಮಾವ ವಿಶ್ವನಾಥಪ್ಪ ಗಾದಿಯ ಮೇಲೆ ಕೂತಿದ್ದ, ಅವಳ ಗಂಡ ಗುರುಲಿಂಗ ಸೀರೆ ಮಡಚುತ್ತಿದ್ದ.

"ಮಾವಾ, ಅತ್ತಿಗಿ ಖರೆ ಹೇಳಮುರೀ. ಕಾಲ ಆಕಿದದ. ಕಾಯದಾನೂ ಹಂಗೇ ಅಂತದ."

"ನಿನ್ನ ಕಾಯದಾ ಮೊಬೈಲನ್ಯಾಗ ಇರ್ಲಿ ವಕೀಲಬಾಯಿ," ವಿಶ್ವನಾಥಪ್ಪ ಅಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಹೇಳಿದ್ರ ಬ್ಯಾಡ ಅಂತಾಳ. ಬ್ಯಾಡ ಅಂದ್ರ ವಿಷ ಮೈತುಂಬ ಏರ್ತದ, ಆಕಿ ಹೋಗ್ತಾಳ. ನನಗ ಆಕಿ ಬೇಕವ್ವಾ. ಎದ್ದ ಮ್ಯಾಲ ಬೈಲಿ, ಬೈಸ್ಕೊತೀನಿ."

ಗುರುಲಿಂಗ ತಲೆ ಎತ್ತಲಿಲ್ಲ. "ಅಪ್ಪ ಹೇಳ್ದಂಗ ಆಗ್ಲಿ," ಎಂದು ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದ.

ಅತ್ತೆ ಬೇಡವೆಂದರೆ ಏನು ಗತಿ ಎನ್ನುವ ಭಯ ಮೀನಲಳಿಗೂ ಇತ್ತು. ಮೇಷ್ಟ್ರು ಅದನ್ನೂ ಹೇಳಿದ್ದರು: ಬೇಡವೆಂದರೆ ಬೇಡವೇ. ಹೇಳಿ ಮುಂದಿನ ಪುಟಕ್ಕೆ ಹೋಗಿದ್ದರು.

ಸೋಮವಾರ ವಾರ್ಡಿನಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ವಿಶ್ವನಾಥಪ್ಪ ಕಚೇರಿಯ ಕೋಣೆಯಲ್ಲಿ ಕೂತು ದುಂಡಗೆ ಸಹಿ ಹಾಕಿದ. ಕೆಳಗೆ ಸಾಕ್ಷಿಯ ಸಹಿಗೆ ಜಾಗವಿತ್ತು. ಅದು ಹೆಡ್ ಸಿಸ್ಟರ್ ಹಾಕುವ ಸಹಿ. ಹಾಕಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು, ಅತ್ತೆಯೊಬ್ಬಳನ್ನು ಬಿಟ್ಟು. ಮೀನಲ ಪೆನ್ನು ಎತ್ತಿಕೊಂಡಳು, ಸ್ವಲ್ಪ ಹೊತ್ತು ಹಿಡಿದಳು. ಆಮೇಲೆ ಮೇಜಿನ ಮೇಲಿಟ್ಟು, "ಅತ್ತಿಗಿ ಕೇಳಿ ಬರ್ತೀನ್ರೀ," ಎಂದು ಎದ್ದಳು. ಹಿಂದಿನಿಂದ ಮಾವ ಅವಳ ಹೆಸರು ಹಿಡಿದು ಕರೆದ. ಇಷ್ಟು ವರ್ಷದಲ್ಲಿ ಅವಳು ಅವನ ಕರೆಗೆ ನಿಲ್ಲದೆ ಹೋದದ್ದು ಅದೇ ಮೊದಲು.

ಸರಸ್ವತಿಬಾಯಿ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದಳು. ಮೀನಲ ಪಕ್ಕದಲ್ಲಿ ಕೂತು ಸುತ್ತುಬಳಸದೆ ಹೇಳಿದಳು. ಎಲ್ಲಿಯವರೆಗೆ ತೆಗೆಯುತ್ತಾರೆ ಎಂದು ತನ್ನ ಕಾಲಿನ ಮೇಲೇ ಬೆರಳಿಟ್ಟು ತೋರಿಸಿದಳು. ತೆಗೆಯದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಹೇಳಿದಳು. ಅತ್ತೆ ಅಳುತ್ತಾಳೆ ಎಂದುಕೊಂಡಿದ್ದಳು. ಅತ್ತೆ ಅಳಲಿಲ್ಲ.

"ನನಗೇನು ಕಣ್ಣ ಇಲ್ಲೇನವ್ವಾ? ಕಾಲ ನಂದೇ ಅಲ್ಲೇನು?" ಅಂದಳು. "ಭೂಕಂಪ ಆದಾಗ ಸಾಸ್ತೂರಾಗ ನಮ್ಮ ಅಕ್ಕ ಕಲ್ಯಾಣಮ್ಮ ಗ್ವಾಡಿ ಕೆಳಗ ಸಿಕ್ಕಳು. ನಿಮ್ಮ ಮಾವ ನನಗ ಏನ್ ಹೇಳಿದ್ರು ಗೊತ್ತದೇನು? ಸೊಲ್ಲಾಪುರ ದವಾಖಾನ್ಯಾಗ ಅದಾಳ, ಆರಾಮ ಆಗ್ಲತ್ಯಾಳ ಅಂದ್ರು. ನಾ ಆಕಿಗಿ ಶೇಂಗಾದ ಉಂಡಿ ಕಟ್ಟಿ ಕಳಿಸ್ದೆ. ಅಷ್ಟೊತ್ತಿಗಿ ಆಕಿದು ಮಣ್ಣ ಆಗಿ ಹೋಗಿತ್ತು. ಆ ಉಂಡಿ ಯಾರು ತಿಂದ್ರೋ, ಇವತ್ತಿಗೂ ಗೊತ್ತಿಲ್ಲ ನನಗ."

ಮೀನಲ ಅವಳ ಕೈ ಹಿಡಿದುಕೊಂಡಳು. ಅತ್ತೆಯ ಬಗ್ಗೆ ಅವಳಿಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ವಿಶ್ವನಾಥಪ್ಪ ಬಾಗಿಲಲ್ಲಿ ಬಂದು ನಿಂತಿದ್ದ. ಸಿಟ್ಟಿನಿಂದಲೇ ಬಂದವನು ಉಂಡಿಯ ಮಾತು ಕೇಳಿ ಅಲ್ಲೇ ಉಳಿದ.

"ಬಂದ್ರಿ ಅಲ್ಲ, ಬರ್ರಿ," ಸರಸ್ವತಿಬಾಯಿ ಅಂದಳು. "ಒಂದು ಹೇಳ್ರಿ. ಕಾಲ ತೆಗದ್ರ ನಾಳಿ ಕುಣ್ಯಾಗ ನನಗ ಹ್ಯಾಂಗ ಕೂಡ್ಸ್ತೀರಿ?"

ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಣಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡಿಸುತ್ತಾರೆ. ಪುಣೆಯ ಮೇಷ್ಟ್ರ ಪುಟಗಳಲ್ಲಿ ಈ ಪ್ರಶ್ನೆ ಎಲ್ಲಿಯೂ ಇರಲಿಲ್ಲ. ವಿಶ್ವನಾಥಪ್ಪ ಮಂಚದ ಹತ್ತಿರ ಬಂದ.

"ಹೇಳಬರಂಗಿಲ್ಲ ಅಂದ್ರ ನಾನೇ ಹೇಳ್ತೀನಿ," ಅಂದಳು ಸರಸ್ವತಿಬಾಯಿ. "ಆ ಕಾಲ ಎಲ್ಯಾರ ಒಗೀಬ್ಯಾಡ್ರಿ. ದಾಳಿಂಬ ಊರಾಗಿನ ನಮ್ಮ ಹೊಲದಾಗ ಮಣ್ಣ ಮಾಡ್ರಿ. ನನ್ನ ಸರದಿ ಬಂದಾಗ ಅಲ್ಲೇ ಬಾಜೂಕ ಕುಣಿ ತೆಗೀರಿ, ಹೋಗಿ ಕೂಡ್ತೀನಿ. ಹೂಂ ಅಂದ್ರ ಕಾಗದ ತರ್ರಿ. ಇಲ್ಲಂದ್ರ ನಾ ಮನಿಗಿ ಹೊಂಟೆ."

ಕಾಲು ಕೇಳಲು ವಿಶ್ವನಾಥಪ್ಪ ಡಾಕ್ಟರ ಹತ್ತಿರ ತಾನೇ ಹೋದ. ಕತ್ತರಿಸಿದ್ದೆಲ್ಲ ಕಸದ ಹಳದಿ ಚೀಲ ಸೇರಿ ಲಾರಿಯಲ್ಲಿ ಹೋಗುವುದು ಆಸ್ಪತ್ರೆಯ ಪದ್ಧತಿ. ಡಾಕ್ಟರು ಜೊತೆಗೆ ಬಂದಿದ್ದ ಮೀನಲಳ ಮುಖ ನೋಡಿ, ನಿಮ್ಮ ಕಾಯದೆ ಏನು ಹೇಳುತ್ತದೆ ಸಿಸ್ಟರ್ ಎಂದು ಮರಾಠಿಯಲ್ಲಿ ಕೇಳಿದರು.

"ಪಾಠ ಇನ್ನೂ ಅಲ್ಲಿತನಕ ಬಂದಿಲ್ರೀ ಸರ್," ಎಂದು ಅವಳೂ ಮರಾಠಿಯಲ್ಲೇ ಅಂದಳು.

ಡಾಕ್ಟರಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ಮನೆಯವರು ಬರೆದುಕೊಡಲಿ, ನೀವೇ ಜೊತೆಗೆ ಹೋಗಿ ಆಳವಾಗಿ ಹುಗಿಸಿ ಬನ್ನಿ ಎಂದರು. ಬೇರೆ ಕಾಗದ ತಂದರು. ಸರಸ್ವತಿಬಾಯಿ ಕನ್ನಡಕ ಹಾಕಿಕೊಂಡು ಅದನ್ನು ಮೀನಲಳಿಂದ ಪೂರಾ ಓದಿಸಿದಳು. ತನಗೆ ತಿಳಿಯದ ಮಾತು ಬಂದಲ್ಲಿ ನಿಲ್ಲಿಸಿ ಮತ್ತೆ ಹೇಳಿಸಿಕೊಂಡಳು. ಹೊರಗೆ ಥಿಯೇಟರಿನವರು ಚಡಪಡಿಸುತ್ತಿದ್ದರು. ಆಮೇಲೆ ಸಹಿ ಹಾಕಿದಳು.

ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಗುರುಲಿಂಗ ತಾಯಿಯ ಬಳಿ ಉಳಿದ. ಮಾವ ಸೊಸೆ ಇಬ್ಬರೂ ದಾಳಿಂಬ ಊರಿನ ಕಡೆಗೆ ಶೇರ್ ಆಟೋ ಹತ್ತಿದರು. ವಿಶ್ವನಾಥಪ್ಪ ಅಂಗಡಿಯಿಂದ ಹೊಸ ಧೋತರ ತರಿಸಿ ಆ ಕಾಲಿಗೆ ಸುತ್ತಿದ್ದ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅದೇನು ಯಜಮಾನ್ರೆ, ಕೆಳಗಿಡ್ರಿ ಅಂದಳು. ಇರಲಿ ಅಂದ. ದಾರಿಯುದ್ದಕ್ಕೂ ಅವನು ಸೊಸೆಯ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೀನಲಳಿಗೆ ಅನಿಸಿತು.

ಹೊಲದಲ್ಲಿ ಸೋಯಾಬೀನ್ ಕಿತ್ತಾಗಿತ್ತು, ಬದುವಿನ ಗುಂಟ ತೊಗರಿ ನಿಂತಿತ್ತು. ಆಳು ಕಾಶೆಪ್ಪ ಸಲಿಕೆ ತಂದ. ವಿಶ್ವನಾಥಪ್ಪ ಅದನ್ನು ಇಸಿದುಕೊಂಡು ತಾನೇ ಅಗೆದ. ದಮ್ಮು ಹತ್ತಿದಾಗ ನಿಂತ, ಮತ್ತೆ ಅಗೆದ. ಇನ್ನೂ ಆಳ ಬೇಕು ಎಂದು ಮೀನಲ ಹೇಳಿದಾಗ ಇನ್ನೂ ಅಗೆದ. ಗಂಟನ್ನು ಇಳಿಸಿ, ವಿಭೂತಿ ಹಾಕಿ, ಮಣ್ಣು ಮುಚ್ಚಿದ.

"ನಡೀರಿ ಮಾವಾ, ಅತ್ತಿಗಿ ಎಚ್ಚರ ಆಗಿರ್ತದ," ಮೀನಲ ಅಂದಳು.

ಅವನು ಹೊರಡಲಿಲ್ಲ. ಹಸಿ ಮಣ್ಣಿನ ಬಾಜೂಕಿಗೆ ಹೋಗಿ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಚಕ್ಕಳಮಕ್ಕಳ ಹಾಕಿ ಕೂತ. ಮಣ್ಣಿನ ಕಡೆ ಒಮ್ಮೆ ನೋಡಿದ. ಆಮೇಲೆ ಎರಡೂ ಕೈ ನೆಲಕ್ಕೆ ಊರಿ, ಮಣ್ಣಿಗೂ ತನಗೂ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು, ಆಚೆಗೆ ಸರಿದು ಕೂತ.