ಎರಡು ನಿಮಿಷದ ರೌಂಡು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬುದರ ಬಗ್ಗೆ ನನಗೂ ನನಗೂ ಜಗಳ. ಯಾರು ಗೆದ್ದರೂ ಒಡೆಯುವುದು ನನ್ನದೇ ಮೂಗು.

ಮೊದಲ ಕರಡನ್ನು ಕಾಮೆಂಟರಿಯವರ ದನಿ ಅನುಕರಿಸಿ ಬರೆದಿದ್ದೆ. "ಇದೋ ವೀಕ್ಷಕರೇ, ಎಡ ಮೂಲೆಯಲ್ಲಿ ಗಿರಿಜಾ ಮೀಸೆಯ ಆದಿಕಾಲದ ಹೆವಿವೇಯ್ಟ್ ಚಾಂಪಿಯನ್, ಬಲ ಮೂಲೆಯಲ್ಲಿ ಅವರ ಮರಿಮಗನ ವಯಸ್ಸಿನ ಈಚಿನ ಚಾಂಪಿಯನ್..." ಅಷ್ಟಕ್ಕೇ ಕೈಬಿಟ್ಟೆ. ಇಬ್ಬರ ನಡುವೆ ನೂರು ವರ್ಷ. ಅಷ್ಟು ದೂರದಿಂದ ಯಾರ ಕೈಯೂ ಯಾರ ಮುಖಕ್ಕೂ ಎಟುಕುವುದಿಲ್ಲ.

ಎರಡನೆಯದು ತತ್ತ್ವಶಾಸ್ತ್ರ. (ಅದನ್ನು ಓದಿದ ನನ್ನ ಹೆಂಡತಿ ಎರಡನೇ ಪುಟದಲ್ಲೇ ನಾಕ್‌ಔಟ್.)

"ನನ್ನಿಂದ ಶುರು ಮಾಡಿ," ಎಂದಳು ಕಥೆಯೊಳಗಿನ ಮಗಳು. "ತಪ್ಪು ಮಾಡಿದ್ದು ನಾನು."

೨

ಸರಿ, ಅವಳಿಂದಲೇ.

ಅವಳ ಅಪ್ಪ ಬಾಕ್ಸಿಂಗ್ ಕೋಚು. ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಗುದ್ದಪ್ಪ ಎನ್ನುತ್ತಾರೆ. ಗುದ್ದುವುದಕ್ಕಿಂತ ಗುದ್ದು ತಪ್ಪಿಸಿಕೊಳ್ಳುವುದನ್ನೇ ಹೆಚ್ಚು ಕಲಿಸಿದವನಿಗೆ ಈ ಹೆಸರು ಹೇಗೆ ಅಂಟಿತೋ. ಅವನದು ಹಳೇ ಕಾಲದ ಚಾಂಪಿಯನ್‌ಗಳ ವರಸೆ. ಕೈ ಕೆಳಗೆ, ಮೈ ಹಿಂದಕ್ಕೆ, ಎದುರಾಳಿಯ ಗುದ್ದು ಬಂದರೆ ಮೊಣಕೈಯಿಂದ ತಡೆ.

ಮಗಳು ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಅವನ ಶಿಷ್ಯೆಯೂ ಆಗಿದ್ದಳು. ಒಂದು ಸಂಜೆ ಅವಳ ಫೋನಿಗೆ ಆ ಹಳೇ ಚಾಂಪಿಯನ್‌ಗಳದೇ ಒಂದು ಪಂದ್ಯದ ವಿಡಿಯೊ ಬಂತು. ಅದರಲ್ಲಿ ದೈತ್ಯ ಗಂಡಸರಿಬ್ಬರು ಕಾಳು ಹೆಕ್ಕುವ ಕೋಳಿಗಳ ಹಾಗೆ ಪಟಪಟ ಕುಕ್ಕುತ್ತಿದ್ದರು. ಅವಳು ಅದನ್ನು ಶಿಷ್ಯರಿಗೆಲ್ಲ ತೋರಿಸಿದಳು, ರಿಂಗಿನೊಳಗೆ ನಿಂತು ಹಾಗೇ ಮಾಡಿಯೂ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಪ್ಪಾ, ಇವರೇನಾ ನಿನ್ನ ಗುರುಗಳು?"

ಗುದ್ದಪ್ಪನೂ ನಕ್ಕ. (ಇಲ್ಲಿ ನಾನು "ಅವನ ಕಣ್ಣು ನಗಲಿಲ್ಲ" ಎಂದು ಬರೆದು ಹೊಡೆದುಹಾಕಿದೆ. ಕಣ್ಣು ಯಾವತ್ತು ತಾನೇ ನಗುತ್ತದೆ, ಅದಕ್ಕೇನು ಹಲ್ಲಿದೆಯೇ?) ಮರುದಿನದಿಂದ ಅವನು ಆ ವರಸೆ ಕಲಿಸುವುದನ್ನು ಬಿಟ್ಟ. ಹಗ್ಗ ಹಾರಿಸುವುದು, ಗ್ಲೌಸು ಒರೆಸಿ ಬಿಸಿಲಿಗಿಡುವುದು, ಇಷ್ಟೇ ಅವನ ಕೆಲಸವಾಯಿತು. ಮಗಳು ಬೇರೆ ಕೋಚ್ ಹಿಡಿದಳು, ಹನ್ನೊಂದು ಪಂದ್ಯ ಆಡಿದಳು, ಭುಜ ಜಾರಿ ಆಟ ನಿಲ್ಲಿಸಿದಳು. ಅಪ್ಪ-ಮಗಳು ಒಂದೇ ಮನೆಯಲ್ಲಿದ್ದಾರೆ, ಒಟ್ಟಿಗೆ ಊಟ ಮಾಡುತ್ತಾರೆ, ಹಲ್ಲುನೋವಿನಿಂದ ಹಿಡಿದು ನೀರಿನ ಪಂಪಿನವರೆಗೆ ಎಲ್ಲ ಮಾತಾಡುತ್ತಾರೆ. ಬಾಕ್ಸಿಂಗ್ ಒಂದು ಬಿಟ್ಟು. ಏಳು ವರ್ಷವಾಯಿತು.

೩

ಈಗ ಅವಳಿಗೆ ಹಳೇ ಫಿಲ್ಮುಗಳನ್ನು ಕಾಪಾಡುವ ಸಂಸ್ಥೆಯಲ್ಲಿ ಕೆಲಸ. ತಣ್ಣನೆಯ ಕೋಣೆ, ವಿನಿಗರ್ ವಾಸನೆಯ ತಗಡಿನ ಡಬ್ಬಿಗಳು, ಬಿಳಿ ಹತ್ತಿಯ ಕೈಗವಸು. ("ನೋಡಿ, ಈಗಲೂ ಗ್ಲೌಸೇ," ಎಂದಳು. ಪಂಚ್‌ಲೈನ್ ನನ್ನ ಹಕ್ಕು ಎಂದು ನಾನು ಗದರಿದೆ.) ರೀಲು ಒರೆಸಿ, ಹರಿದಲ್ಲಿ ಅಂಟಿಸಿ, ಕಂಪ್ಯೂಟರಿಗೆ ಇಳಿಸುತ್ತಾಳೆ.

ಕ್ಲಬ್ಬಿಗೆ ಐವತ್ತು ತುಂಬಿದ ಸಮಾರಂಭ ಭಾನುವಾರ. ಮೊದಲ ಸಾಲಿನಲ್ಲಿ ಗುದ್ದಪ್ಪ, ಅವನಿಗೊಂದು ಶಾಲು. ಸನ್ಮಾನಕ್ಕೆ ಮುಂಚೆ "ಅಂದು–ಇಂದು" ಎಂಬ ಚಿತ್ರ. ಪರದೆಯ ಎಡಕ್ಕೆ ಹಳೇ ಚಾಂಪಿಯನ್, ಬಲಕ್ಕೆ ಹೊಸಬ. ಅದನ್ನು ಜೋಡಿಸಿಕೊಡುವ ಕೆಲಸ ಹಳೇ ಶಿಷ್ಯೆ ಎಂದು ಅವಳಿಗೇ ಬಂದಿತ್ತು.

"ಸ್ವಲ್ಪ ತಮಾಷೆಯಾಗಿರ್ಲಿ ಕಣಮ್ಮಾ," ಎಂದಿದ್ದರು ಸೆಕ್ರೆಟರಿ. "ಆ ಕೋಳಿ ಜಗಳ ಇದೆಯಲ್ಲ, ಜನ ಬಿದ್ದು ಬಿದ್ದು ನಗ್ತಾರೆ."

"ಅಪ್ಪ ಅಲ್ಲೇ ಕೂತಿರ್ತಾರಲ್ಲ, ಸರ್."

"ಅಯ್ಯೋ, ಅವರೂ ನಗ್ತಾರೆ ಬಿಡು. ಅವತ್ತೂ ನಕ್ಕಿದ್ರಲ್ಲ."

೪

ಮಂಗಳವಾರ ಮಧ್ಯಾಹ್ನ ಆ ಪಂದ್ಯದ ಮೂಲ ರೀಲನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಮೊದಲ ರೌಂಡು ಮುಗಿದು ಇಬ್ಬರೂ ತಮ್ಮ ತಮ್ಮ ಮೂಲೆಗೆ ಹೋದರು. ಅವಳ ಮೈ ಒಪ್ಪಲಿಲ್ಲ. ಕಾಲಿಗೆ ಇನ್ನೂ ಓಡುವುದಿತ್ತು, ಉಸಿರು ಇನ್ನೂ ಉಳಿದಿತ್ತು. ಗುದ್ದಪ್ಪ ಅವಳನ್ನು ಹತ್ತನೇ ವಯಸ್ಸಿನಿಂದ ಮೂರು ನಿಮಿಷದ ರೌಂಡುಗಳಲ್ಲೇ ಬೆಳೆಸಿದ್ದ. ಗಡಿಯಾರ ಮರೆತರೂ ಮೈ ಮರೆಯದು.

ಪರದೆಯ ಮೂಲೆಯಲ್ಲಿ ಸಮಯ ನೋಡಿದಳು. ಸರಿಯಾಗಿ ಎರಡು ನಿಮಿಷ. ಮುಂದಿನದೂ ಎರಡು. ಅದರ ಮುಂದಿನದೂ. ಡಬ್ಬಿಯ ಚೀಟಿಯಲ್ಲಿ ಮಾತ್ರ "ಮೂರು ನಿಮಿಷದ ರೌಂಡು" ಎಂದಿತ್ತು.

ಓದುಗರೇ, ಇಲ್ಲಿ ಗಣಿತವಿದೆ, ಹೆದರಬೇಡಿ. ಆ ಕಾಲದ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು ಹದಿನಾರು ಚಿತ್ರ. ಈಗಿನ ಯಂತ್ರ ಓಡಿಸುವುದು ಇಪ್ಪತ್ತನಾಲ್ಕು. ಎಂದರೆ ಎಲ್ಲರೂ ಒಂದೂವರೆ ಪಟ್ಟು ಅವಸರದಲ್ಲಿ. ಆ ವೇಗದಲ್ಲಿ ಓಡಿಸಿದರೆ ಯಾವ ವೀರನೂ ಕೋಳಿಯೇ. ನಿಮ್ಮ ಮದುವೆ ವಿಡಿಯೊವನ್ನೂ ಹಾಗೆ ಓಡಿಸಿ ನೋಡಿ.

ಅವಳು ಹದಿನಾರಕ್ಕೆ ಇಳಿಸಿದಳು. ಕೋಳಿ ಮಾಯವಾಯಿತು. ಭಾರದ ಮನುಷ್ಯನೊಬ್ಬ ಅವಸರವಿಲ್ಲದೆ ಹಿಂದಕ್ಕೆ ವಾಲಿ, ಬಂದ ಗುದ್ದನ್ನು ಮೊಣಕೈಗೆ ಕೊಟ್ಟು, ಅರ್ಧ ಹೆಜ್ಜೆ ಪಕ್ಕಕ್ಕಿಟ್ಟ. ಆ ಅರ್ಧ ಹೆಜ್ಜೆ ಅವಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿದು ಬರುವವರಿಗೆ ಅಪ್ಪ ದಾರಿ ಬಿಡುವುದೇ ಹಾಗೆ.

೫

(ಹರಿದುಹಾಕಿದ್ದೇನೆ. ಇದರಲ್ಲಿ ಅವಳು ಅಪ್ಪನ ಕಾಲು ಹಿಡಿದು ಅಳುತ್ತಿದ್ದಳು. "ಅದು ನಿಮ್ಮ ಕಥೆಗೆ ಬೇಕು, ನಮ್ಮಪ್ಪನಿಗೆ ಬೇಡ," ಎಂದು ಕೈಕಟ್ಟಿ ಕೂತುಬಿಟ್ಟಳು. ಹನ್ನೊಂದು ಪಂದ್ಯ ಆಡಿದವಳ ಜೊತೆ ನಾನು ವಾದಕ್ಕಿಳಿಯುವುದಿಲ್ಲ.)

೬

ಬುಧವಾರ ಫೋನ್ ಮಾಡಿದಳು. "ಅಪ್ಪಾ, ಆಫೀಸಿಗೆ ಬರ್ತೀಯಾ?"

ಗುದ್ದಪ್ಪ ಗಾಳಿ ಹೊಡೆಯುವ ಪಂಪ್ ಕಂಕುಳಲ್ಲಿ ಹಿಡಿದು ಬಂದ. "ಸ್ಕೂಟರ್ ಎಲ್ಲಿ?"

"ಸ್ಕೂಟರಿಗೇನೂ ಆಗಿಲ್ಲ. ಕೂತ್ಕೋ."

ತೋರಿಸಿದಳು. ಪಂಪನ್ನು ಕೆಳಗಿಡದೆ ಒಂದು ಇಡೀ ರೌಂಡು ನೋಡಿದ.

"ನಿಧಾನ ಮಾಡಿದೀಯಾ?"

"ಇಲ್ಲ. ಅವತ್ತು ನಾನು ತೋರ್ಸಿದ್ದೇ ಜೋರಾಗಿ ಓಡ್ತಿತ್ತು. ಇದು ಅವರು ನಿಜವಾಗ್ಲೂ ಆಡಿದ ವೇಗ."

ಅವನು ಇನ್ನೊಂದು ರೌಂಡು ನೋಡಿದ. ನಾನು ಪೆನ್ನು ಹಿಡಿದು ಕಾದೆ, ಈಗ ಹೇಳುತ್ತಾನೆ, ನನ್ನ ಗುರುವೇ ಮೇಲು ಎಂದು.

"ಎಡಗಾಲು ಭಾರ ಇವನದು," ಎಂದ ಗುದ್ದಪ್ಪ. "ಈಚಿನವರ ಮುಂದೆ ಆರು ರೌಂಡೂ ನಿಲ್ಲಲ್ಲ. ಅವರು ಎತ್ತರ, ತೂಕ ಜಾಸ್ತಿ, ನಾಲ್ಕು ಗುದ್ದು ಒಟ್ಟಿಗೆ ಹಾಕ್ತಾರೆ. ಇವನು ಒಂದು ಹಾಕಿ, ಏನಾಯ್ತು ಅಂತ ನೋಡ್ತಾ ನಿಲ್ತಾನೆ."

ನಾನು ಕೈಲಾಗದವನು ಮೈ ಪರಚಿಕೊಂಡ ಹಾಗೆ ಕಾಗದ ಪರಚಿಕೊಂಡೆ. ಇಡೀ ಕಥೆ ಕಟ್ಟಿದ್ದೇ ಇವನನ್ನು ಗೆಲ್ಲಿಸಲು.

ಮಗಳು ಚಿತ್ರ ನಿಲ್ಲಿಸಿ ಅವನ ಕಡೆ ತಿರುಗಿದಳು. "ಹಾಗಾದ್ರೆ ಅವತ್ತು ನಾನು ನಕ್ಕಿದ್ದೇ ಸರಿ ಅಂತೀಯಾ?"

"ಸೋಲ್ತಾನೆ ಅಂದೆ ಪುಟ್ಟಿ, ನಗೆಪಾಟಲು ಅಂದೆನಾ? ಸೋಲ್ಲಿ. ಅವನ ವೇಗದಲ್ಲಿ ಅವನು ಸೋಲ್ಲಿ."

ಅಷ್ಟರಲ್ಲಿ ಸೆಕ್ರೆಟರಿಯ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು.

"ಕಳಿಸ್ತೀನಿ ಸರ್. ಆದ್ರೆ ಸರಿಯಾದ ವೇಗದ್ದು. ಕೋಳಿ ಜಗಳ ಇಲ್ಲ."

"ಹಾಗಂದ್ರೆ ಹೇಗಮ್ಮಾ? ಜನ ನಗದೇ ಹೋದ್ರೆ?"

"ಬೇಡ ಅಂದ್ರೆ ಪರದೆಯ ಎಡಭಾಗ ಖಾಲಿ ಬಿಡಿ ಸರ್. ತಪ್ಪಾಗಿರೋದನ್ನ ನಾನು ಇನ್ನೊಂದು ಸಲ ತೋರ್ಸಲ್ಲ."

ಫೋನ್ ಇಡುವ ಮುಂಚೆ ಸೆಕ್ರೆಟರಿ ಹೇಳಿದ್ದು, "ನೋಡೋಣ."

೭

ಮುಕ್ತಾಯ ಒಂದು: ಭಾನುವಾರ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. (ಸುಳ್ಳು. ತಿಂಡಿ ಹಂಚದ ಹೊರತು ಸಭೆ ಒಟ್ಟಿಗೆ ಏಳುವುದಿಲ್ಲ.)

ಮುಕ್ತಾಯ ಎರಡು: ಸೆಕ್ರೆಟರಿ ಫೋನಿನಲ್ಲಿದ್ದ ಹಳೇ ವಿಡಿಯೊವನ್ನೇ ಹಾಕಿದರು. ಎಲ್ಲರೂ ನಕ್ಕರು. (ಆಗಬಹುದು. ಬರೆಯಲು ನನಗೆ ಕೈ ಬರುವುದಿಲ್ಲ.)

ಮುಕ್ತಾಯ ಮೂರಕ್ಕೆ ಕೈ ಹಾಕುವಷ್ಟರಲ್ಲಿ ಮಗಳು ಏಳು ವರ್ಷದ ಹಿಂದೆಯೇ ಕೇಳಬಹುದಾಗಿದ್ದ ಪ್ರಶ್ನೆ ಕೇಳಿದಳು.

"ಕೈ ಯಾಕಪ್ಪಾ ಅಷ್ಟು ಕೆಳಗೆ ಹಿಡೀತಿದ್ರು?"

"ಎಷ್ಟು ರೌಂಡಿನ ಪಂದ್ಯ ಇದು?"

"ನಲವತ್ತೈದು ಅಂತ ಬರ್ದಿದೆ."

"ನಲವತ್ತೈದು ರೌಂಡು ಕೈ ಕೆನ್ನೆ ಪಕ್ಕ ಎತ್ತಿಟ್ಕೊಂಡಿರು, ನೋಡೋಣ."

ಅವಳು ಎದ್ದು ಎತ್ತಿ ಹಿಡಿದಳು. ಜಾರಿದ ಭುಜ ಒಂದೇ ನಿಮಿಷಕ್ಕೆ ನಡುಗತೊಡಗಿತು.

"ಈಗ ಇಳಿಸು. ಇನ್ನೂ ಸ್ವಲ್ಪ. ಹಾಂ, ಈಗ ಹಿಂದಕ್ಕೆ ವಾಲು, ಮೊಣಕೈ ಒಳಗಿರ್ಲಿ." ಗುದ್ದಪ್ಪ ಪಂಪನ್ನು ಕೆಳಗಿಟ್ಟು ಅವಳ ಮೊಣಕೈಯನ್ನು ಎರಡು ಬೆರಳಿನಿಂದ ಒಳಕ್ಕೆ ತಳ್ಳಿದ. "ಈ ಭುಜಕ್ಕೆ ಇದೇ ಸರಿ ಇತ್ತು ನೋಡು. ಈಗ ನಾನು ಹೊಡೀತೀನಿ, ಕಾಲು ನೋಡ್ಬೇಡ."

ಕಥೆಯನ್ನು ಎಲ್ಲಿ ನಿಲ್ಲಿಸಲಿ, ಭಾನುವಾರದ ಗತಿಯೇನು ಎಂದು ನಾನು ಕೇಳಿದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಡಬ್ಬಿಗಳ ನಡುವೆ ಜಾಗ ಸಾಲದೆ ಗುದ್ದಪ್ಪ ಕುರ್ಚಿಯನ್ನು ಕಾಲಿನಿಂದ ಬಾಗಿಲಾಚೆಗೆ ತಳ್ಳಿದ. ಅದರ ಜೊತೆಗೆ ನಾನೂ ಹೊರಗೆ ಬಂದಿದ್ದೇನೆ. ಒಳಗೆ ಅವನು ಹೇಳುತ್ತಿದ್ದಾನೆ, "ಇನ್ನೊಂದ್ಸಲ."