ನಾಲ್ಕು ಗುಂಡಿಗೆ ನೀರು

ಸತ್ಯವ್ವ ಕೊಡ ಎತ್ತಿ ಸೊಂಟದ ಮೇಲಿಟ್ಟುಕೊಂಡು ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಮೂವರು ಹೆಂಗಸರು ಅವಳನ್ನು ಹಿಡಿದು ಒಳಗೆ ಎಳೆದುಕೊಂಡರು. ಒಬ್ಬಳು ಕೊಡ ಕಿತ್ತುಕೊಂಡಳು, ಒಬ್ಬಳು ರಟ್ಟೆ ಹಿಡಿದಳು, ಮೂರನೆಯವಳು ತಲೆಯ ಮೇಲೆ ಸೆರಗು ಹೊದಿಸಿ ಗಂಡನ ಹೆಣದ ಪಕ್ಕಕ್ಕೆ ಮತ್ತೆ ಕೂಡಿಸಿದಳು.

"ಎಲ್ಲಿಗಿ ಹೊಂಟೀಯವ್ವಾ, ಗಂಡನ್ನ ಬಿಟ್ಟು?"

"ಪಾರ್ಕಿಗೆ. ನೀರು ಹಾಕಿ ಬರ್ತೇನಿ. ಅರ್ಧಾ ತಾಸಿನ ಕೆಲಸ."

ಹೆಂಗಸರು ಮುಖ ಮುಖ ನೋಡಿಕೊಂಡರು. "ಪಾಪ, ತಲಿ ಕೆಟ್ಟೈತಿ," ಎಂದು ಒಬ್ಬಳು ಲೊಚಗುಟ್ಟಿದಳು.

ತಲೆ ಏನೂ ಕೆಟ್ಟಿರಲಿಲ್ಲ. ಆ ಮನೆಯೊಳಗೆ ಅವತ್ತು ತಲೆ ನೆಟ್ಟಗಿದ್ದವಳು ಯಾರಾದರೂ ಇದ್ದರೆ ಅವಳೇ. ಅವಳ ಗಂಡ, ಗಾರೆ ಕೆಲಸದ ಗೌಂಡಿ ಚಂದಪ್ಪ ಹಿಂದಿನ ದಿನ, ಶನಿವಾರ ಸಂಜೆ, ಪಾರ್ಕಿನಿಂದ ಬಂದು ಕೈಕಾಲು ತೊಳೆದು "ಚಾ ಇಡು" ಎಂದಿದ್ದ. ಚಹಾ ಕುದಿಯುವುದರೊಳಗೆ ಗೋಡೆಗೆ ಒರಗಿದವನು ಹಾಗೇ ಹೋಗಿಬಿಟ್ಟಿದ್ದ. ಮುನ್ಸಿಪಾಲ್ಟಿಯವರು ಊರಿನ ಹಳೆಯ ಪಾರ್ಕುಗಳಲ್ಲಿ ತುಕ್ಕು ಹಿಡಿದ ಜೋಕಾಲಿ, ಜಾರುಬಂಡಿಗಳನ್ನೆಲ್ಲ ಕಿತ್ತು ಹೊಸದು ಹಾಕಿಸುತ್ತಿದ್ದ ವರ್ಷ ಅದು. ಮೂರು ಪಾರ್ಕು ಮುಗಿದು ಕೊನೆಗೆ ಬಂದರಿನ ಮಗ್ಗುಲ ಗುಡ್ಡದ ಮೇಲಿನ ಇವರ ಬಡಾವಣೆ ಸಡಾದ ಪಾರ್ಕಿನ ಪಾಳಿ ಬಂದಿತ್ತು. ಗುರುವಾರ ಚಂದಪ್ಪ ಹೊಸ ಜೋಕಾಲಿಯ ಕಂಬಗಳಿಗೆಂದು ನಾಲ್ಕು ಗುಂಡಿ ತೋಡಿಸಿ ಕಾಂಕ್ರೀಟು ತುಂಬಿ, ಹಸಿ ಆರದಂತೆ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದ. ಹಸಿ ಕಾಂಕ್ರೀಟಿಗೆ ಏಳು ದಿನ, ದಿನಕ್ಕೆ ಮೂರು ಸಲ ನೀರು ಬೀಳಬೇಕು. ಇಲ್ಲದಿದ್ದರೆ ಮೇಲೆ ಕಲ್ಲಿನ ಹಾಗೆ ಕಂಡರೂ ಒಳಗೆ ಹಿಟ್ಟು. ಮೇ ತಿಂಗಳ ಬಿಸಿಲು. ಭಾನುವಾರವೆಂದು ಗುತ್ತಿಗೆದಾರನ ಆಳುಗಳಿಗೆ ರಜೆ. ಬೆಳಗಿನ ನೀರು ಆಗಲೇ ತಪ್ಪಿತ್ತು, ಗಂಟೆ ಒಂಬತ್ತೂವರೆ.

ಓಣಿಯ ಹಿರಿಯ ಸೋಮಲಪ್ಪ ಬಾಗಿಲಲ್ಲಿ ಕೂತು ಚಟ್ಟದ ಬಿದಿರಿಗೆ ಹಗ್ಗ ಸುತ್ತುತ್ತಿದ್ದ. ಬಂದರಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು, ಸಡಾದಲ್ಲಿ ಯಾರು ಸತ್ತರೂ ಚಟ್ಟ ಕಟ್ಟುವವನು ಅವನೇ.

"ಸೋಮಲಪ್ಪಣ್ಣಾ," ಎಂದಳು ಸತ್ಯವ್ವ, "ನಾ ಹೋಗೂದು ಬ್ಯಾಡಂದ್ರ ಯಾರನ್ನರ ಕಳಸು. ಪಾರ್ಕಿನ್ಯಾಗ ಗುಂಡಿ ಒಣಗಾಕತ್ತಾವು."

"ಅದನ್ನೆಲ್ಲಾ ಈಗ ಬಿಡು ತಂಗೀ. ಮಾಡಾವನ ಹೋದ ಮ್ಯಾಲ ಮಾಡಿದ್ದು ಯಾರಿಗಿ ಬೇಕು? ಶಿವಾ ಶಿವಾ ಅನ್ನು."

ಕಾಣಕೋಣದಿಂದ ಮೊದಲ ಬಸ್ಸಿಗೆ ಬಂದಿದ್ದ ಮಗಳು ಮೀನಾ ಕಿವಿಯಲ್ಲಿ ಪಿಸುಗುಟ್ಟಿದಳು: "ಯವ್ವಾ, ಮಂದಿ ನಗತಾರ. ಅಪ್ಪನ ಮುಂದ ಕುಂತು ಕೊಡಾ, ಗುಂಡಿ ಅಂತ ಮಾತಾಡ್ತಾರೇನು?"

ಹೌದು, ಮಾತಾಡುವುದಿಲ್ಲ. ಹೆಣದ ಮುಂದೆ ಕೂತ ಹೆಂಡತಿಗೆ ಅವತ್ತು ಒಂದೇ ಒಂದು ಬಾಯಿ: ಹಾಡ್ಯಾಡಿ ಅಳುವ ಬಾಯಿ. ಹಾಗೆ ಅತ್ತರೆ ಮಾತ್ರ ಎಲ್ಲರೂ ಕಿವಿ ಕೊಡುತ್ತಾರೆ. ಸತ್ಯವ್ವ ಒಂದು ಗಳಿಗೆ ಯೋಚಿಸಿ, ಗಂಡನ ಎದೆಯ ಮೇಲೆ ಕೈಯಿಟ್ಟು, ದನಿ ಎತ್ತಿದಳು.

"ನನ್ನ ಗೌಂಡಿ ರಾಜಾ, ಬಿಸಲು ಏರಾಕತ್ತೈತೋ... ನಾಕು ಗುಂಡಿ ಬಾಯಾರಿ ಕುಂತಾವೋ... ಗೋಣಿಚೀಲ ಒಣಗಿ ಹೋದಾವೋ ನನ್ನ ದೊರಿ... ನೀರು ಹಾಕೋರ್ಯಾರೋ, ಸಂಜೀ ಒಳಗ ಬಿರಕ ಬಿಡತಾವೋ..."

ಮನೆಯೊಳಗೆ ಒಮ್ಮೆಲೇ ಅಳುವಿನ ಕಟ್ಟೆ ಒಡೆಯಿತು. ಥಾವರಿಬಾಯಿಯಂತೂ ಎದೆ ಎದೆ ಬಡಿದುಕೊಂಡಳು. ಸತ್ತ ಮನೆ ಯಾರದೇ ಇರಲಿ, ಅಳುವುದರಲ್ಲಿ ಅವಳನ್ನು ಮೀರಿಸುವವರು ಆ ಗುಡ್ಡದಲ್ಲಿ ಇರಲಿಲ್ಲ. ಒಳ್ಳೆಯ ಹಾಡು ಯಾವುದು, ಕೆಟ್ಟದ್ದು ಯಾವುದು ಅವಳಿಗೆ ಗೊತ್ತು.

"ಎಷ್ಟು ಚಂದ ಅಂದ್ಲವ್ವಾ! ನಾಕು ಗುಂಡಿ ಅಂದ್ರ ಕಣ್ಣು. ಅವನವು ಎರಡು, ಇಕಿಯವು ಎರಡು."

"ಅಲ್ಲ ಬಿಡು, ನಾಕು ಮಂದಿ ಹೊರಾವ್ರು ಅಂತ ಅದರ ಅರ್ಥ," ಎಂದಳು ಪಕ್ಕದವಳು ಮೂಗು ಒರೆಸಿಕೊಳ್ಳುತ್ತ.

ಸತ್ಯವ್ವನಿಗೆ ತಡೆಯಲಾಗಲಿಲ್ಲ. "ಅಳಾಕತ್ತಿಲ್ಲ ನಾ! ಹೇಳಾಕತ್ತೇನಿ!"

ಅದನ್ನು ಕೇಳಿ ಥಾವರಿಬಾಯಿ ಇನ್ನೂ ಜೋರಾಗಿ ಅತ್ತಳು.

ಬಾಗಿಲ ಮೂಲೆಯಲ್ಲಿ, ಬುರ್ಖಾದ ತುದಿ ಮಡಿಲಿಗೆ ಎಳೆದುಕೊಂಡು ಕೂತಿದ್ದ ಅದೇ ಓಣಿಯ ರೋಷನಬಿ ಒಬ್ಬಳು ಮಾತ್ರ ಅಳಲಿಲ್ಲ. ಅವಳು ಸತ್ಯವ್ವನ ಮುಖವನ್ನೇ ನೋಡಿದಳು. ಆಮೇಲೆ ನೋಯುವ ಮೊಣಕಾಲಿಗೆ ಕೈಯೂರಿ ಎದ್ದು, ಮಗಳು ಉಜ್ಮಾಳಿಗೆ ಕಣ್ಣು ಮಾಡಿ, ಹೊರಗೆ ನಡೆದಳು.

"ಹೆಣ ಎತ್ತೂ ಮಟಾ ನಿಂದ್ರಾಕ ಆಗಲಿಲ್ಲ ನೋಡು," ಎಂದರು ಯಾರೋ.

*

ಹನ್ನೊಂದು ವರ್ಷದ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ಅದೇ ಪಾರ್ಕಿನ ಹಳೆಯ ಜೋಕಾಲಿಗೂ ಕಾಂಕ್ರೀಟು ಹಾಕಿದವನು ಚಂದಪ್ಪನೇ. ಹಾಕಿದ ಮಾರನೆಯ ದಿನ ಯುಗಾದಿಗೆಂದು ತನ್ನ ಹುಟ್ಟೂರಿನ ಬಸ್ಸು ಹತ್ತಿದ್ದ. ನಾಲ್ಕು ದಿನ ಹೋಳಿಗೆ ತಿಂದು ಬಂದು ಕಂಬ ನಿಲ್ಲಿಸಿದ. ಮೂರು ತಿಂಗಳಿಗೆ ಒಂದು ಕಂಬ ಬುಡಸಮೇತ ವಾಲಿ, ಏಳು ವರ್ಷದ ಉಜ್ಮಾ ಕೆಳಗೆ ಬಿದ್ದು ಮೊಣಕೈ ಮುರಿದುಕೊಂಡಳು.

ಹುಡುಗರು ಮೂರು ಮೂರು ಮಂದಿ ಹತ್ತಿ ಕುಣಿದದ್ದಕ್ಕೆ ಬಿತ್ತು ಎಂದ ಗುತ್ತಿಗೆದಾರ. ಊರೂ ಹಾಗೇ ಅಂದಿತು. ಚಂದಪ್ಪ ಮಾತ್ರ ಆ ಗುಂಡಿಯ ಹತ್ತಿರ ಕೂತು ಉಗುರಿನಿಂದ ಕೆರೆದು ನೋಡಿದ. ಕಾಂಕ್ರೀಟು ಪುಡಿಪುಡಿಯಾಗಿ ಬೆರಳಿಗೆ ಬಂತು. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಮಗಳ ಪಕ್ಕ ಕೂತಿದ್ದ ರೋಷನಬಿಯ ಮುಂದೆ ನಿಂತ.

"ಅಕ್ಕಾ, ಹುಡುಗರದ್ದು ತಪ್ಪಲ್ಲ. ನಾ ನೀರು ಹಾಕಿದ್ದಿಲ್ಲ. ಹಬ್ಬಕ್ಕ ಹೋಗಿದ್ದೆ."

ರೋಷನಬಿ ನಿದ್ದೆಯಲ್ಲಿದ್ದ ಮಗಳ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಸರಿಯಾಗಿಟ್ಟಳು. ಅವಳ ಗಂಡ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ.

"ಬಾಯಿ ಮುಚ್ಚಿಕೊಂಡಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ನನಗ ಗೊತ್ತಿತ್ತಲ್ಲಾ."

"ಹಂಗಾರ ಕೇಳು. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ನಿನ್ನ ಅನ್ನಾ ಕಳದು ನನ್ನ ಮಗಳ ಕೈ ಕೂಡೂದಿಲ್ಲ. ಆದ್ರ ಇನ್ನೊಬ್ಬರ ಕೂಸಿಗೆ ಹಿಂಗ ಆಗಬಾರದು, ಅಷ್ಟ ನೋಡ್ಕೊ. ಈಗ ಇಕಿನ್ನ ಎತ್ಕೊ. ಏರು ಹತ್ತಾಕ ನನ್ನ ಕೈಲೆ ಆಗೂದಿಲ್ಲ."

ಸಡಾದ ಏರಿನ ತುದಿಯವರೆಗೂ ಅವನು ಉಜ್ಮಾಳನ್ನು ಹೆಗಲ ಮೇಲೆ ಹೊತ್ತು ತಂದ. ಆಮೇಲೆ ಪಟ್ಟಿ ಬಿಚ್ಚುವ ತನಕ, ಒಂದೂವರೆ ತಿಂಗಳು, ಏರಿಳಿಯುವಾಗ ಕೈ ಅಲುಗಬಾರದೆಂದು ಶಾಲೆಗೂ ಹೊತ್ತ. ಮತ್ತೆ ಯಾವ ಯುಗಾದಿಗೂ ಅವನು ಊರಿಗೆ ಹೋಗಲಿಲ್ಲ; ಬೇವುಬೆಲ್ಲದ ಮೊದಲ ಬಟ್ಟಲು ರೋಷನಬಿಯ ಮನೆಗೆ ಹೋಗುತ್ತಿತ್ತು. ರೋಷನಬಿಯನ್ನು ಬಿಟ್ಟರೆ ಸಂಗತಿ ಗೊತ್ತಿದ್ದವಳು ಅವನ ಹೆಂಡತಿ ಒಬ್ಬಳೇ. "ಆ ಹೆಣ್ಮಗಳು ನನ್ನ ಮಂದ್ಯಾಗ ಮನಶ್ಯಾನ್ನ ಮಾಡಿ ಇಟ್ಟಾಳ," ಎಂದು ಅವಳ ಮುಂದೆ ಎಷ್ಟು ಸಲ ಅಂದಿದ್ದನೋ ಲೆಕ್ಕವಿಲ್ಲ.

*

ಪಾರ್ಕಿನಲ್ಲಿ ಗೋಣಿಚೀಲಗಳು ಹಪ್ಪಳದಂತೆ ಒಣಗಿದ್ದವು. ಗುಂಡಿಯ ಸುತ್ತ ಚಂದಪ್ಪ ಕಟ್ಟಿದ್ದ ಮಣ್ಣಿನ ಬದುವಿನೊಳಗೆ ಒಂದು ಹನಿ ನೀರಿರಲಿಲ್ಲ. ರೋಷನಬಿ ಮನೆಯ ಡ್ರಮ್ಮಿನಿಂದ ತುಂಬಿಸಿ ತಂದ ಕೊಡ ಬಗ್ಗಿಸಿದಳು. ಚೊಯ್ ಎಂದು ಗುಂಡಿ ಒಂದೇ ಗುಟುಕಿಗೆ ಕುಡಿದುಬಿಟ್ಟಿತು. ಉಜ್ಮಾಳ ಕೊಡವೂ ಹಾಗೇ.

"ಅಮ್ಮಾ, ನಲ್ಲಿ ಇನ್ನ ಬರೂದು ನಾಳೆ ಮುಂಜಾನಿಗೆ. ಇದ್ದ ನೀರು ಇಲ್ಲೇ ಯಾಕ ಸುರಿಯೂದು?"

"ಕೇಳಬ್ಯಾಡ. ಹಾಕು."

ಮಾತು ಕೊಟ್ಟವಳು ಕೊಟ್ಟವಳೇ. ಮಾತು ತೆಗೆದುಕೊಂಡವನು ಹೋದನೆಂದು ಅದನ್ನು ಬಿಚ್ಚುವ ಜಾತಿಯವಳಲ್ಲ ರೋಷನಬಿ.

ಎರಡನೆಯ ಸಲ ಕೊಡ ಹೊತ್ತು ಹೊರಟಾಗ ಓಣಿಯಲ್ಲಿ ಥಾವರಿಬಾಯಿ ಅಡ್ಡ ಬಂದಳು. "ಭಲೇ ರೋಷನಬಿ! ಹೆಣ ಮನ್ಯಾಗ ಐತಿ, ನೀ ನೀರು ತುಂಬೂದು ಹಚ್ಚೀಯಲ್ಲಾ!"

"ಸತ್ಯವ್ವ ಹಾಡಿದ್ದು ಕೇಳಲಿಲ್ಲೇನು?"

"ಕೇಳಿದೆ, ಕರುಳು ಕಿತ್ತು ಬಂತು."

"ಹಂಗಾರ ಬಾ. ತೋರಸ್ತೇನಿ."

ಥಾವರಿಬಾಯಿ ಹೋದಳು. ನಾಲ್ಕು ಗುಂಡಿಗಳನ್ನು ನೋಡಿದಳು. ಒಂದು, ಎರಡು, ಮೂರು, ನಾಲ್ಕು ಎಂದು ಬೆರಳು ಮಾಡಿ ಎಣಿಸಿದಳು. ಒಣಗಿದ ಚೀಲ ಮುಟ್ಟಿ ಸುಟ್ಟವಳಂತೆ ಕೈ ಹಿಂದೆಗೆದಳು.

"ಅಯ್ಯ ನನ್ನ ಬಾಯಿಗೆ ಮಣ್ಣು ಹಾಕ! ಖರೇನ ಗುಂಡಿ ಅದಾವಲ್ಲವ್ವಾ! ನಾ ಕಣ್ಣು ಅಂದೆ!"

*

ಸತ್ಯವ್ವನಿಗೆ ಕಂಡದ್ದು ಇಷ್ಟೇ: ಥಾವರಿಬಾಯಿ ಬಂದು ಪಕ್ಕದವಳ ಕಿವಿಯಲ್ಲಿ ಏನೋ ಊದಿದಳು. ಪಕ್ಕದವಳು "ಒಲಿ ಮ್ಯಾಲ ಹಾಲಿಟ್ಟು ಬಂದೇನಿ" ಎಂದು ಎದ್ದಳು. ಇನ್ನೊಬ್ಬಳಿಗೆ ಕೂಸಿಗೆ ಗಂಜಿ ಕುಡಿಸುವುದು ನೆನಪಾಯಿತು. ಮತ್ತೊಬ್ಬಳು ಏನೂ ಹೇಳದೆ ಜಾರಿಕೊಂಡಳು. ಕಿಕ್ಕಿರಿದಿದ್ದ ಮನೆ ಬಿಕೋ ಎಂದಿತು. ಯಾರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಅಷ್ಟು ಚೆನ್ನಾಗಿ ಅತ್ತು, ಅಷ್ಟು ಚೆನ್ನಾಗಿ ಅರ್ಥ ಹೇಳಿದ ಮೇಲೆ, ನಮಗೆ ತಿಳಿದೇ ಇರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆ.

ಸತ್ಯವ್ವ ಗಂಡನ ಮುಖ ನೋಡಿದಳು. ಅವನು ಸತ್ತದ್ದು ದುಃಖವೇ. ಆದರೆ ಅವನ ಕಡೆಯ ಕೆಲಸ ಹಿಟ್ಟಾಗಿ, ಯಾವುದೋ ಕೂಸು ಬಿದ್ದು, "ಚಂದಪ್ಪ ಹಾಕಿದ್ದು ನೋಡ್ರಿ" ಎಂದು ನಾಳೆ ಜನ ಅಂದರೆ? ಹನ್ನೊಂದು ವರ್ಷ ಅವನು ಕಾಯ್ದುಕೊಂಡದ್ದು ಒಂದು ದಿನದ ಬಿಸಿಲಿಗೆ ಹೋಗುತ್ತದಲ್ಲ.

ಎರಡು ಗಂಟೆಗೆ ಚಟ್ಟ ಎತ್ತಿದರು. ಗಂಡಸರು ಮಣ್ಣಿಗೆ ಹೋದರು. ಉಳಿದ ಇಬ್ಬರು ಮೂವರು ಹೆಂಗಸರು ಇದ್ದ ನೀರಲ್ಲಿ ನೆಲ ತೊಳೆದು, ಚಂದಪ್ಪನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ಇನ್ನು ಮೂರು ದಿನ ಸತ್ಯವ್ವ ಹೊಸ್ತಿಲು ದಾಟುವಂತಿಲ್ಲ. ಅವಳು ದೀಪದ ಮುಂದೆ ಕೂತು ಬಾಗಿಲಾಚೆಯ ಬಿಸಿಲನ್ನೇ ನೋಡುತ್ತಿದ್ದಳು. ಒಂದು ಮಳೆಯಾದರೂ ಬರಬಾರದೇ ಎಂದು ಮೋಡವಿಲ್ಲದ ಆಕಾಶವನ್ನು ಬೈದಳು.

ಐದು ಗಂಟೆಗೆ ಗಂಡಸರು ತಿರುಗಿ ಬಂದರು. ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಎಲ್ಲರ ಪಾದ ಕೆಂಪು. ಮಣ್ಣಿಗೆ ಹೋದವರು ಕಾಲು ತೊಳೆದು, ಒಳಗೆ ಬಂದು ದೀಪ ನೋಡಿ ಹೋಗಬೇಕು. ಸುಮಾರು ನಲವತ್ತು ಮಂದಿ ಬಾಗಿಲ ಮುಂದೆ ನಿಂತರು.

"ಕಾಲಿಗೆ ನೀರು ಕೊಡ್ರಿ," ಎಂದ ಸೋಮಲಪ್ಪ.

ಮೀನಾ ಡ್ರಮ್ಮಿನ ಮುಚ್ಚಳ ತೆಗೆದಳು. ತಂಬಿಗೆ ತಳಕ್ಕೆ ಬಡಿದು ಠಣ್ ಎಂದಿತು. "ನಮ್ಮದು ತೀರೇತ್ರಿ. ಬಾಜೂ ಮನ್ಯಾಗ ನೋಡ್ತೇನಿ."

"ನಮ್ಮಲ್ಲೂ ಇಲ್ಲವ್ವಾ," ಎಂದಳು ಬಾಜೂ ಮನೆಯವಳು ನೆಲ ನೋಡುತ್ತ.

"ನಿಮ್ಮಲ್ಲಿ?"

"ನಮ್ಮಲ್ಲೂ..."

"ಏನು, ಇಡೀ ಓಣ್ಯಾಗ ನೀರಿಲ್ಲ?" ಸೋಮಲಪ್ಪ ಗದರಿದ. "ನಮ್ಮ ಮನ್ಯಾಗ ತುಂಬಿದ ಡ್ರಮ್ಮು ಐತಿ, ತರ್ರಿ ಹೋಗಿ!"

ಯಾರೂ ಕದಲಲಿಲ್ಲ. ಥಾವರಿಬಾಯಿ ಸೆರಗಿನ ತುದಿ ತಿರುವುತ್ತ ಮುಂದೆ ಬಂದಳು. "ಅದನ್ನೂ ಹಾಕೇವಿ, ಅಣ್ಣಾ."

"ಎಲ್ಲಿ ಹಾಕೀರಿ?"

"ಪಾರ್ಕಿನ್ಯಾಗ. ನಾಕು ಗುಂಡಿಗೆ. ಸತ್ಯವ್ವ ಬಾಯಿ ಬಡಕೊಂಡು ಹೇಳಿದ್ಲಲ್ಲಾ, ನಮ್ಮ ದಡ್ಡ ತಲಿಗೆ ಹೊಳೀಲಿಲ್ಲ. ಆಮ್ಯಾಲ ಯಾರೂ ಯಾರಿಗೂ ಸಾಕು ಅನ್ನಲಿಲ್ಲ. ಎಲ್ಲಾರೂ ಹಾಕೇ ಹಾಕಿದ್ವಿ."

ಒಳಗಿನಿಂದ ಸತ್ಯವ್ವನ ದನಿ ಬಂತು. "ಚೀಲ ತೊಯ್ದಾವೇನು?"

"ತೊಯ್ಯೂದೇನು ನನ್ನವ್ವಾ, ತೇಲಾಕತ್ತಾವು!"

ಸತ್ಯವ್ವ ಎದ್ದು ಹೊಸ್ತಿಲ ತನಕ ಬಂದಳು. ಓಣಿಯ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಸೀರೆಯ ಅಂಚೂ ಕೆಸರು. ಅವರ ಹಿಂದೆ ರೋಷನಬಿ ಗೋಡೆ ಹಿಡಿದು ಮೊಣಕಾಲು ನೀವಿಕೊಳ್ಳುತ್ತಿದ್ದಳು, ಖಾಲಿ ಕೊಡ ಉಜ್ಮಾಳ ಕೈಯಲ್ಲಿ. ಸತ್ಯವ್ವನಿಗೆ ಇವರೆಲ್ಲರ ಕಾಲು ಹಿಡಿಯಬೇಕೆನ್ನಿಸಿತು. ನಿನ್ನೆಯಿಂದ ಬಾರದಿದ್ದ ಅಳು ಈಗ ಬಂತು. ಹಾಡಿಲ್ಲ, ಮಾತಿಲ್ಲ, ಬರೀ ಅಳು. ಥಾವರಿಬಾಯಿ ಅದಕ್ಕೆ ಯಾವ ಅರ್ಥವನ್ನೂ ಹೇಳಲಿಲ್ಲ.

"ರೋಷನಕ್ಕಾ," ಎಂದಳು ಸತ್ಯವ್ವ ಕೊನೆಗೆ. ಅಷ್ಟೇ.

"ಹೂಂ," ಎಂದಳು ರೋಷನಬಿ. "ನಾಳೆ ಮುಂಜಾನಿದು ನಮ್ಮ ಪಾಳಿ. ನೀ ಕಾಳಜಿ ಬಿಡು."

ಸೋಮಲಪ್ಪ ತನ್ನ ಕೆಂಪು ಪಾದಗಳನ್ನೂ ತೊಳೆದ ನೆಲವನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ತಂಗೀ, ನೀರಿಲ್ಲ. ಹೊರಗ ನಿಂತ ದೀಪಕ್ಕ ಕೈ ಮುಗದು ಹೋಗ್ತೇವಿ."

"ಯಾಕ? ಹಂಗ ಬರ್ರಿ," ಎಂದು ಸತ್ಯವ್ವ ಬಾಗಿಲಿನಿಂದ ಸರಿದು ನಿಂತಳು. "ಎಲ್ಲಾರೂ ಬರ್ರಿ."

ಮೊದಲು ಸೋಮಲಪ್ಪ, ಅವನ ಹಿಂದೆ ಗಂಡಸರು, ಆಮೇಲೆ ಕೆಸರುಗಾಲಿನ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ದೀಪ ನೋಡಿ ಹೋದರು. ದೀಪದ ಸುತ್ತ ನೆಲದ ತುಂಬ ಕೆಂಪು ಹೆಜ್ಜೆಗಳು, ಒಂದರ ಮೇಲೊಂದು. ಮೀನಾ ಕಸಬರಿಗೆ ತಂದಳು. ಸತ್ಯವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬಾಗಿಲ ಹಿಂದೆ ಇಟ್ಟಳು.